ಸ್ಕೂಟರಿನ ಕೊಕ್ಕೆಗೆ ತೂಗಿದ ಬಾಟಲಿ

ನನ್ನ ಭಾವ ಅಣ್ಣಪ್ಪನವರು ಮೂವತ್ತೊಂದು ವರ್ಷ ಚಿನ್ನದ ಗಣಿಯಲ್ಲಿ ದುಡಿದವರು. ಅವರ ಬೆರಳಿನಲ್ಲಿ ಒಂದು ಉಂಗುರವನ್ನೂ ನಾನು ಕಂಡಿಲ್ಲ. ಅಂಥ ಮನುಷ್ಯನನ್ನು ಹೊಣೆಗೇಡಿ ಎಂದು ಲೆಟರ್‌ಹೆಡ್ಡಿನ ಮೇಲೆ ಬರೆದು, ಮೊಹರು ಒತ್ತಿ ಮನೆಗೆ ಕಳಿಸಿದ್ದಾರೆ. ಹಾಗೆ ಬರೆದವರು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ, ನಾನು ಕೆಲಸ ಮಾಡುವ ಬ್ಯಾಂಕಿನ ಮೇಲಿನ ಮಹಡಿಯಲ್ಲೇ ಕೂರುತ್ತಾರೆ. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ, ‘ವಿನಾಯಕಗಾರು, ಬಾಗುನ್ನಾರಾ’ ಎಂದು ತೆಲುಗಿನಲ್ಲಿ ಕ್ಷೇಮ ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಉರಿಯಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಭಾವ ರಾಯಚೂರು ಕಡೆಯವರು. ಗಣಿಯಲ್ಲಿ ಅವರದು ಕಾರ್ಬನ್ ವಿಭಾಗ. ಹಾಗೆಂದರೇನು ಎಂದು ಕೇಳಿದವರಿಗೆಲ್ಲ ಬೇಸರವಿಲ್ಲದೆ ವಿವರಿಸುತ್ತಿದ್ದರು, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಸಯನೈಡ್ ಬೆರೆಸಿದ ನೀರಿಗೆ ಹಾಕಿದರೆ ಚಿನ್ನ ಕರಗಿ ನೀರಿಗಿಳಿಯುತ್ತದೆ. ಆ ಕೆಸರಿನ ತೊಟ್ಟಿಗೆ ಇದ್ದಿಲಿನ ಹರಳು ಹಾಕುತ್ತಾರೆ. ಇದು ಒಲೆಯ ಇದ್ದಿಲಲ್ಲ. ತೆಂಗಿನ ಚಿಪ್ಪನ್ನು ಸುಟ್ಟು, ಮತ್ತೆ ಉರಿಯುವ ಕುಲುಮೆಯಲ್ಲಿ ಹಬೆ ಹಾಯಿಸಿ ಹದ ಮಾಡಿದ್ದು, ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುವಂಥದ್ದು. ಆ ತೂತುಗಳಲ್ಲಿ ಚಿನ್ನ ಸೇರಿಕೊಳ್ಳುತ್ತದೆ. ಜರಡಿ ಹಿಡಿದು ಹರಳನ್ನು ಮೇಲೆತ್ತಿದರೆ ಚಿನ್ನವೂ ಮೇಲೆ ಬಂದಂತೆ. ಆದರೆ ಹರಳು ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ ತೊಟ್ಟಿಯಲ್ಲಿ ತಿರುಗಿ ತಿರುಗಿ ಸವೆದು ಪುಡಿಯಾಗುತ್ತದೆ. ಪುಡಿ ಜರಡಿಯಲ್ಲಿ ನಿಲ್ಲದೆ, ತಾನು ಹಿಡಿದುಕೊಂಡ ಚಿನ್ನದ ಸಮೇತ ಗಣಿಯ ಹೊರಗಿನ ಕಸದ ದಿಬ್ಬಕ್ಕೆ ಹೋಗಿಬಿಡುತ್ತದೆ.

“ನೋಡ್ಲಿಕ್ಕೆ ಗಟ್ಟಿದೂ ಕರೀನ, ಮೆತ್ತಂದೂ ಕರೀನ,” ಎನ್ನುತ್ತಿದ್ದರು ಭಾವ. “ನೀರಾಗ ಹಾಕಿ ಕಲಕಿದ್ರ ಅದರ ಹಣೇಬರಹ ಹೊರಗ ಬರ್ತದ.”

ಅದಕ್ಕೇ ಅವರ ವಿಭಾಗದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹೊಸ ಇದ್ದಿಲು ಯಾರ ಕಾರ್ಖಾನೆಯಿಂದ ಬಂದಿರಲಿ, ಚೀಲದ ಜೊತೆ ಎಂಥ ಪ್ರಮಾಣಪತ್ರ ಇರಲಿ, ಮೊದಲು ಬೇರೆ ತೊಟ್ಟಿಯಲ್ಲಿ ಬರೀ ನೀರು ಹಾಕಿ ಕಲಕಿ ತೊಳೆಯಬೇಕು. ನೀರು ತಿಳಿಯಾಗಿದ್ದರೆ ಮಾತ್ರ ಚಿನ್ನದ ತೊಟ್ಟಿಗೆ ಹೋಗಬೇಕು. ತೊಳೆಯದೆ ಹಾಕಿದವನು ಅವರ ಕೈಯಲ್ಲಿ ಸಿಕ್ಕರೆ ಕತೆ ಮುಗಿಯಿತು.

ನಿವೃತ್ತರಾದ ಮೇಲೆ ಭಾವ, ನಮ್ಮ ಅಕ್ಕ ರತ್ನಮ್ಮ ವಿಜಯವಾಡಕ್ಕೆ ಬಂದರು. ಮಗಳು ಪ್ರತೀಕ್ಷಾ ಇಬ್ರಾಹಿಂಪಟ್ನಂನ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್. ಅವಳಿಗೆ ಹತ್ತಿರವಾಗಲೆಂದು ಭವಾನಿಪುರಂನಲ್ಲಿ ಮನೆ ಮಾಡಿದರು. ತಾರಸಿಗೆ ಹೋದರೆ ಅಮ್ಮನ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತದೆ. ಅಕ್ಕನಿಗೆ ಅಷ್ಟು ಸಾಕಿತ್ತು. ಭಾವನಿಗೆ ಸಾಕಾಗಲಿಲ್ಲ. ಆರು ತಿಂಗಳು ಅವರು ಮನೆಯ ನೀರಿನ ಫಿಲ್ಟರ್ ಬಿಚ್ಚುವುದು, ಅದರೊಳಗಿನ ಇದ್ದಿಲು ನೋಡಿ ಮೂಗು ಮುರಿಯುವುದು, ಮತ್ತೆ ಜೋಡಿಸುವುದು ಇದನ್ನೇ ಮಾಡುತ್ತಿದ್ದರು.

ದುರ್ಗಾಪ್ರಸಾದ್‌ಗೆ ಅವರನ್ನು ಪರಿಚಯ ಮಾಡಿಸಿದವನು ನಾನು. ಆತ ನಮ್ಮ ಶಾಖೆಯ ಗ್ರಾಹಕ. ಆಫೀಸು ದ್ವಾರಕಾ ನಗರದಲ್ಲಿ ನಮ್ಮ ಮೇಲಿನ ಮಹಡಿ, ಕಾರ್ಖಾನೆ ಇಬ್ರಾಹಿಂಪಟ್ನಂ ಆಚೆ. ಕೃಷಿ ತ್ಯಾಜ್ಯದಿಂದ ಇದ್ದಿಲು ಮಾಡಿ ಫಿಲ್ಟರ್ ಕಂಪನಿಗಳಿಗೆ ಮಾರುತ್ತಿದ್ದ. ಚಿನ್ನದ ಗಣಿಗಳಿಗೂ ಮಾರಬೇಕೆಂದು ಆಸೆ, ಆದರೆ ಗಣಿಯವರು ಇವನನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ಭಾವ ‘ತಾಂತ್ರಿಕ ಸಲಹೆಗಾರ’ ಎಂದು ಸೇರಿದ ವರ್ಷದಲ್ಲೇ ಮೂರು ಗಣಿಗಳು ಖರೀದಿಗೆ ಒಪ್ಪಿದವು. ಪ್ರಮಾಣಪತ್ರದ ಕೆಳಗೆ ‘ಅಣ್ಣಪ್ಪ’ ಎಂದು ಕಂಡರೆ ಆ ವಲಯದ ಜನ ಮತ್ತೇನೂ ಕೇಳುತ್ತಿರಲಿಲ್ಲ. ಆ ಹೆಸರೇ ದುರ್ಗಾಪ್ರಸಾದ್‌ಗೆ ಬೇಕಾಗಿದ್ದದ್ದು ಎಂದು ನನಗೆ ಆಗ ಹೊಳೆಯಲಿಲ್ಲ.

ಕಾರ್ಖಾನೆಯಲ್ಲಿ ಪರೀಕ್ಷೆಯ ಯಂತ್ರವಿತ್ತು. ಭಾವ ಅದರಲ್ಲೂ ನೋಡುತ್ತಿದ್ದರು. ಆದರೆ ಅವರ ನಂಬಿಕೆ ತಮ್ಮ ಬಾಟಲಿಯ ಮೇಲೆ. ಪ್ರತಿ ಲಾಟಿನಿಂದ ಒಂದು ಹಿಡಿ ಹರಳು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿ, ನೀರು ತುಂಬಿ, ಚೀಲದಲ್ಲಿಟ್ಟು ಸ್ಕೂಟರಿನ ಮುಂದಿನ ಕೊಕ್ಕೆಗೆ ತೂಗುಹಾಕುತ್ತಿದ್ದರು. ವಿದ್ಯುತ್ ಕೇಂದ್ರದ ಬೂದಿ ಲಾರಿಗಳು ಓಡಾಡಿ ಹಾಳಾದ ಆ ರಸ್ತೆಯಲ್ಲಿ ಭವಾನಿಪುರಂ ತಲುಪುವಷ್ಟರಲ್ಲಿ ಬಾಟಲಿ ಸಾವಿರ ಸಲ ಕುಲುಕಿರುತ್ತಿತ್ತು. ಮನೆಗೆ ಬಂದು ಕಿಟಕಿಯ ಮೇಲಿಟ್ಟು, ಕೈಕಾಲು ತೊಳೆದು, ಚಹಾ ಕುಡಿದು ಆಮೇಲೆ ನೋಡುತ್ತಿದ್ದರು. ನೀರು ತಿಳಿಯಾಗಿದ್ದರೆ ಮರುದಿನ ಸಹಿ. ಕಪ್ಪಾಗಿದ್ದರೆ ಆ ಲಾಟು ಫಿಲ್ಟರಿನವರಿಗೆ. ಅಕ್ಕನ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಹಾಕಲು ಒಂದು ಬಾಟಲಿಯೂ ಉಳಿದಿರಲಿಲ್ಲ.

“ರಸ್ತೆ ರಿಪೇರಿ ಮಾಡಿದ್ರ ನಿಮ್ಮ ಭಾವನ ಪರೀಕ್ಷಾ ಕೆಡ್ತದ ನೋಡು,” ಎಂದು ಅಕ್ಕ ನನಗೆ ಹೇಳಿ ನಗುತ್ತಿದ್ದಳು.

ಆ ಕಾರ್ಖಾನೆಯಲ್ಲಿ ಭಾವ ತಮ್ಮ ಸರಿಸಮ ಎಂದು ಒಪ್ಪಿಕೊಂಡಿದ್ದು ಒಬ್ಬರನ್ನೇ, ಕೋಟೇಶ್ವರಮ್ಮ. ಐವತ್ತು ದಾಟಿದ ಹೆಂಗಸು. ಅಂಗಳದಲ್ಲಿ ಹನ್ನೊಂದು ಜನ ಹೆಂಗಸರನ್ನು ಕೂರಿಸಿಕೊಂಡು ತೆಂಗಿನ ಚಿಪ್ಪು ಆರಿಸುವುದು ಆಕೆಯ ಕೆಲಸ. ಎರಡು ಚಿಪ್ಪು ತಟ್ಟಿ ಸದ್ದು ಕೇಳಿಯೇ ಬಲಿತದ್ದು, ಎಳಸು ಎಂದು ಬೇರೆ ಮಾಡುತ್ತಿದ್ದರು. ಬಂದ ಚೀಲಗಳಲ್ಲಿ ಕೆಲವು ಚಿಪ್ಪಿಗೆ ಕುಂಕುಮ ಅಂಟಿರುತ್ತಿತ್ತು, ಬೆಟ್ಟದ ಮೇಲಿನ ಅಮ್ಮನಿಗೆ ಒಡೆದ ಕಾಯಿಯವು. ಅವನ್ನು ಕೋಟೇಶ್ವರಮ್ಮ ಕಣ್ಣಿಗೊತ್ತಿಕೊಂಡು, ಬೇರೆ ತೊಳೆದು ಒಣಗಿಸಿಯೇ ಕುಲುಮೆಗೆ ಕಳಿಸುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಭಾವ ಅವರನ್ನು ‘ಅಕ್ಕಗಾರು’ ಎಂದೇ ಕರೆಯುತ್ತಿದ್ದರು.

ಇನ್ನು ನನ್ನ ಪಾಲಿನ ತಪ್ಪು. ಕಳೆದ ವರ್ಷ ವಿಶಾಖಪಟ್ಟಣದಲ್ಲಿ ನಾವು ಬೇರೆ ಬಾಡಿಗೆ ಮನೆಗೆ ಹೋದೆವು. ಬಾಡಿಗೆ ಮನೆಯಾದರೂ ಹಾಲು ಉಕ್ಕಿಸಿಯೇ ಒಳಗೆ ಹೋಗುವ ಇಲ್ಲಿನ ಪದ್ಧತಿ ನಮಗೂ ಅಂಟಿಕೊಂಡಿದೆ. ಹಾಲು ಉಕ್ಕಿಸಲು ಅಕ್ಕನೇ ಬರಬೇಕು ಎಂದು ನನ್ನ ಹೆಂಡತಿ ಕಮಲಾ ಪಟ್ಟು ಹಿಡಿದಳು. ಅಕ್ಕ, ಭಾವ ನಾಲ್ಕು ದಿನ ಬಂದಿರುವುದೆಂದು ನಿಶ್ಚಯವಾಯಿತು. ಹೊರಡುವ ದಿನ ಭಾವ ಕಾರ್ಖಾನೆಯಿಂದ ಫೋನ್ ಮಾಡಿದರು.

“ಇಲ್ಲೊಂದು ಪೇಚು ಆಗ್ಯದ ವಿನಾಯಕ. ನಾಲ್ಕು ದಿನದ ಸರ್ಟಿಫಿಕೇಟಿಗೆ ಈಗ್ಲೇ ಸಹಿ ಹಾಕಿ ಹೋಗ್ರಿ ಅಂತಾರ. ದಿನಕ್ಕೆರಡು, ಒಟ್ಟು ಎಂಟು. ಖಾಲಿ ಕಾಗದಕ್ಕ ಹ್ಯಾಂಗ ಹಾಕ್ಲಿ? ನಾ ನಾಡದು ಬರ್ತೀನಿ, ರತ್ನಾ ಒಬ್ಬಾಕಿ ಬರ್ಲಿ.”

ದಿನಬೆಳಗಾದರೆ ಕೌಂಟರಿನಲ್ಲಿ ಕೂತು, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ ಎಂದು ಜನರಿಗೆ ಬುದ್ಧಿ ಹೇಳುವವನು ನಾನು. ಅಂಥ ನಾನು ಏನು ಹೇಳಿದೆ ಗೊತ್ತೇ?

“ಹಾಕಿ ಬಂದುಬಿಡ್ರಿ ಭಾವ. ಸಭ್ಯ ಜನ ಅವ್ರು. ನನಗ ಗೊತ್ತದಾರ.”

ಹಾಕಿ ಬಂದರು. ಹಾಲು ಉಕ್ಕಿತು. ಎಲ್ಲರೂ ಪಾಯಸ ಉಂಡೆವು.

ಹಿಂತಿರುಗಿದ ದಿನವೇ ಭಾವ ಆ ಎಂಟು ಕಾಗದ ಕೇಳಿದರು. ನೀವಿಲ್ಲದಾಗ ಗಣಿಗೆ ಮಾಲು ಹೋಗಲೇ ಇಲ್ಲ, ಎಲ್ಲ ಹರಿದು ಹಾಕಿದೆವು ಎಂದು ಕಾರ್ಖಾನೆಯ ಆಫೀಸಿನಲ್ಲಿ ಹೇಳಿದರು. ಮಧ್ಯಾಹ್ನ ಕೋಟೇಶ್ವರಮ್ಮ ಊಟದ ಡಬ್ಬಿಯ ಮೇಲಿನ ಬಟ್ಟಲು ತೆಗೆದುಕೊಟ್ಟರು. ಒಳಗೆ ಕಾಗದದಲ್ಲಿ ಕಟ್ಟಿದ ಒಂದು ಹಿಡಿ ಇದ್ದಿಲು.

“ನೀವಿಲ್ಲದಾಗ ಟ್ರಾಕ್ಟರಿನಲ್ಲಿ ಮೆಕ್ಕೆಜೋಳದ ದಿಂಡು ಬಂತು ಅಣ್ಣಗಾರು,” ಎಂದರು ಆಕೆ ತೆಲುಗಿನಲ್ಲಿ. “ನಮ್ಮ ಕೈಗೆ ಕೊಡಲೇ ಇಲ್ಲ. ಚಿಪ್ಪಿನ ಜೊತೆ ಸೇರಿಸಿ ನೆಟ್ಟಗೆ ಕುಲುಮೆಗೆ ಹಾಕಿದರು. ನೀವು ಪ್ರತಿ ಸಲ ಒಂದು ಹಿಡಿ ಒಯ್ಯುತ್ತೀರಲ್ಲ, ಅದಕ್ಕೆ ಎತ್ತಿಟ್ಟೆ.”

ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಬೆಂಡಿನಷ್ಟು ಹಗುರ. ಅದರ ಇದ್ದಿಲು ಕುಡಿಯುವ ನೀರಿನ ಫಿಲ್ಟರಿಗೆ ನಡೆದೀತು, ಗಣಿಯ ತೊಟ್ಟಿಯಲ್ಲಿ ಒಂದು ದಿನ ನಿಲ್ಲುವುದಿಲ್ಲ. ಅವತ್ತು ಸ್ಕೂಟರು ದಾರಿ ನಡುವಿನ ಗೊಲ್ಲಪೂಡಿ ದಾಟುವ ಮೊದಲೇ ಬಾಟಲಿಯ ನೀರು ಮಸಿಯಾಗಿತ್ತು. ಭಾವ ದುರ್ಗಾಪ್ರಸಾದ್‌ಗೆ ಫೋನ್ ಮಾಡಿ ಕೇಳಿದರು. ಅದು ಫಿಲ್ಟರಿನವರ ಆರ್ಡರ್ ಅಂಡಿ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದ. ಭಾವ ನಂಬಿದರು. ಬಾಟಲಿಗೆ ತಾರೀಖಿನ ಚೀಟಿ ಅಂಟಿಸಿ ಮೂಲೆಯಲ್ಲಿಟ್ಟರು.

ಎರಡು ತಿಂಗಳಾದ ಮೇಲೆ ಒಂದು ಗಣಿಯಿಂದ ದೂರು ಬಂತು. ತೊಟ್ಟಿಯಲ್ಲಿ ಹಾಕಿದ ಇದ್ದಿಲು ಪುಡಿಯಾಗಿದೆ, ಚಿನ್ನ ಕಸದ ದಿಬ್ಬಕ್ಕೆ ಹರಿದಿದೆ, ಕಾರಣ ಬರೆದುಕೊಡಿ ಎಂದು. ದೂರಿನ ಜೊತೆ ಪ್ರಮಾಣಪತ್ರದ ಪ್ರತಿ ಇತ್ತು. ಅದರ ಕೆಳಗೆ ಭಾವನ ಸಹಿ, ಮೇಲೆ ನಾವು ಪಾಯಸ ಉಂಡ ದಿನದ ತಾರೀಖು.

ದುರ್ಗಾಪ್ರಸಾದ್ ಆ ಗಣಿಯ ಅಧಿಕಾರಿಯನ್ನು ದ್ವಾರಕಾ ನಗರದ ಒಂದು ಹೋಟೆಲಿನ ಮೀಟಿಂಗ್ ರೂಮಿಗೆ ಕರೆಸಿದ. ಭಾವನನ್ನೂ ಕರೆಸಿದ. ನನ್ನನ್ನೂ ಕರೆದ. ‘ನೀವು ಅವರ ಭಾವಮೈದುನ, ನಿಮ್ಮ ಭಾಷೆಯಲ್ಲಿ ಸ್ವಲ್ಪ ತಿಳಿಸಿ ಹೇಳಿ’ ಎಂದ. ಸಿದ್ಧಪಡಿಸಿದ್ದ ಕಾಗದವನ್ನು ನನ್ನ ಕೈಗಿಟ್ಟ. ಅದನ್ನು ಓದಿದೆ. ಮೆಕ್ಕೆಜೋಳದ ಸುದ್ದಿಯೇ ಇರಲಿಲ್ಲ. ದೇವಸ್ಥಾನದ ಕಾಯಿಯ ಚಿಪ್ಪಿನಲ್ಲಿದ್ದ ಎಣ್ಣೆ, ಕುಂಕುಮಗಳಿಂದ ಇದ್ದಿಲು ಕೆಟ್ಟಿದೆ, ಚಿಪ್ಪು ಆರಿಸುವ ಹೆಂಗಸರ ಅಲಕ್ಷ್ಯವೇ ಕಾರಣ, ಆ ಹನ್ನೆರಡು ಜನರನ್ನೂ ತೆಗೆದುಹಾಕಲಾಗಿದೆ. ಕೆಳಗೆ ಅಣ್ಣಪ್ಪ, ತಾಂತ್ರಿಕ ಸಲಹೆಗಾರ, ಸಹಿಗೆ ಜಾಗ.

ಹೋಟೆಲಿನ ಕೆಳಗೆ ಭಾವ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು ಕಾಗದ ಕೊಟ್ಟೆ. ನಾನು ಅವತ್ತು ಹೇಳಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು.

“ಸಹಿ ಮಾಡಿಬಿಡ್ರಿ ಭಾವ. ನಿಮ್ಮ ಹೆಸರಿಗೇನೂ ಆಗಂಗಿಲ್ಲ. ಆ ಹೆಣ್ಮಕ್ಕಳಿಗೆ ಬ್ಯಾರೆ ಕಡೆ ಕೆಲಸ ಸಿಗ್ತದ.”

ಭಾವ ಓದಿ ಮುಗಿಸಿ ಕನ್ನಡಕ ತೆಗೆದರು.

“ಒಮ್ಮೆ ನಿನ್ನ ಮಾತು ಕೇಳೀನಿ,” ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೇಲೆ ಹೋದರೆ ಗಣಿಯ ಅಧಿಕಾರಿಯಾಗಿ ಬಂದಿದ್ದವನು ನರಸಿಂಹಮೂರ್ತಿ. ಭಾವನ ಕೈಕೆಳಗೆ ಒಂಬತ್ತು ವರ್ಷ ಕೆಲಸ ಕಲಿತವನು, ಈಗ ಬೇರೊಂದು ಖಾಸಗಿ ಗಣಿಯಲ್ಲಿ ದೊಡ್ಡ ಹುದ್ದೆ. ಭಾವನನ್ನು ಕಂಡು ಎದ್ದು ನಿಂತ, ಕಣ್ಣು ಮಾತ್ರ ಮೇಲೆತ್ತಲಿಲ್ಲ. ಭಾವ ಚೀಲದಿಂದ ಎರಡು ಬಾಟಲಿ ತೆಗೆದು ಬಿಳಿ ಮೇಜುಬಟ್ಟೆಯ ಮೇಲಿಟ್ಟರು. ಒಂದು ಕೋಟೇಶ್ವರಮ್ಮ ಆರಿಸಿದ ದೇವಸ್ಥಾನದ ಚಿಪ್ಪಿನ ಇದ್ದಿಲು. ನೀರು ತಿಳಿಯಾಗಿತ್ತು, ತಳದಲ್ಲಿ ಹರಳು ಹೊಳೆಯುತ್ತಿತ್ತು. ಇನ್ನೊಂದು ತಾರೀಖಿನ ಚೀಟಿ ಅಂಟಿಸಿ ಮೂಲೆಯಲ್ಲಿಟ್ಟಿದ್ದು, ಮಸಿ.

“ಒಂಬೈನೂರು ಡಿಗ್ರಿ ಉರಿಯೊಳಗ ಹೋಗಿ ಬಂದದ್ದಕ್ಕ ಕುಂಕುಮದ ಕಳಂಕ ಹಚ್ಚತೀರಿ?” ಎಂದು ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಕೇಳಿದರು. “ಇದು ಮೆಕ್ಕೆಜೋಳ. ಮೂರ್ತಿ, ನಿನಗ ಗೊತ್ತಾಗ್ತದಲ್ಲ, ನೋಡು.”

ದುರ್ಗಾಪ್ರಸಾದ್ ನಕ್ಕ. ಉಪ್ಪಿನಕಾಯಿ ಬಾಟಲಿ ಯಾವ ಲ್ಯಾಬಿನ ಪರೀಕ್ಷೆ ಅಂಡಿ ಎಂದು ಕೇಳಿದ. ನಾನು ನರಸಿಂಹಮೂರ್ತಿಯ ಮುಖ ನೋಡಿದೆ. ಆ ಬಾಟಲಿ ಏನು ಹೇಳುತ್ತದೆಂದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವನಿಗೆ ಗೊತ್ತಿತ್ತು. ಅದನ್ನು ಕುಲುಕಲು ಕಲಿತದ್ದೇ ಈ ಮನುಷ್ಯನ ಹತ್ತಿರ. ಅವನು ಮೇಜುಬಟ್ಟೆಯ ಅಂಚನ್ನು ನೀವುತ್ತ ಕೂತ.

“ನೀ ತೊಳಿಲಿಲ್ಲೇನು?” ಎಂದು ಭಾವ ಕೇಳಿದರು. “ತೊಳದಿದ್ರ ಅವತ್ತೇ ಗೊತ್ತಾಗ್ತಿತ್ತಲ್ಲ.”

“ಸರ್, ಪ್ರಮಾಣಪತ್ರದಲ್ಲಿ ನಿಮ್ಮ ಹೆಸರಿತ್ತು,” ಎಂದ ನರಸಿಂಹಮೂರ್ತಿ ಮೆಲ್ಲಗೆ. “ನಿಮ್ಮ ಹೆಸರಿರೋ ಮಾಲನ್ನ ತೊಳೆಯೋದು ನಿಮಗೆ ಅವಮಾನ ಅನ್ನಿಸ್ತು. ಹಾಗೇ ಹಾಕಿಸ್ದೆ.”

“ಹೆಸರು ನೋಡಿ ಹಾಕು ಅಂತ ನಾ ಯಾವಾಗ ಕಲಿಸೀನಿ?”

ಅವನು ಮತ್ತೆ ಮೇಜುಬಟ್ಟೆಯ ಅಂಚು ಹಿಡಿದ. ಮೆಕ್ಕೆಜೋಳ ಎಂದು ಒಪ್ಪಿಕೊಂಡರೆ, ತೊಳೆಯದೆ ಯಾಕೆ ಹಾಕಿದೆ ಎಂದು ಅವನ ಗಣಿಯವರು ಅವನನ್ನೇ ಹಿಡಿಯುತ್ತಿದ್ದರು. ಕುಂಕುಮ ಎಂದರೆ ಅವನೂ ಪಾರು, ದುರ್ಗಾಪ್ರಸಾದನೂ ಪಾರು. ಸಿಕ್ಕಿಬೀಳುವವರು ಹನ್ನೆರಡು ಹೆಂಗಸರು, ಅವರಲ್ಲಿ ಒಬ್ಬರಿಗೂ ಆ ರೂಮಿನಲ್ಲಿ ಕುರ್ಚಿ ಇರಲಿಲ್ಲ. “ನಮಗೆ ಲಿಖಿತವಾಗಿ ಒಂದು ಕಾರಣ ಬೇಕು ಅಷ್ಟೆ, ಯಾವುದಾದರೂ ಸರಿ,” ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ಯಾವುದಾದರೂ ಸರಿಯಂತೆ.

ಭಾವ ಹೋಟೆಲಿನ ಕಾಗದ ಎಳೆದುಕೊಂಡು ಮೂರು ಸಾಲು ಬರೆದರು. ಚಿಪ್ಪು ಶುದ್ಧವಾಗಿತ್ತು. ಮೆಕ್ಕೆಜೋಳದ ದಿಂಡು ಬೆರೆಸಲಾಗಿದೆ. ಖಾಲಿ ಪ್ರಮಾಣಪತ್ರಕ್ಕೆ ಸಹಿ ಮಾಡಿದ್ದು ನನ್ನ ಅಲಕ್ಷ್ಯ. ದುರ್ಗಾಪ್ರಸಾದ್ ಓದಿ, ಮೂರನೆಯ ಸಾಲಿನ ಮೇಲೆ ಬೆರಳಿಟ್ಟ. ಖಾಲಿ ಎಂಬ ಮಾತು ತೆಗೆದು ಇದೊಂದು ಇದ್ದರೆ ಸಾಕು, ಮಿಕ್ಕದ್ದು ಬೇಡ ಎಂದ. ಸಲಹೆಗಾರರು ಸರಿಯಾಗಿ ಪರೀಕ್ಷಿಸಲಿಲ್ಲ, ಅವರನ್ನು ತೆಗೆದೆವು ಎಂದು ಬರೆದರೆ ಗಣಿಗೂ ಸಮಾಧಾನವಂತೆ.

ಭಾವ ಆ ತಿಳಿನೀರಿನ ಬಾಟಲಿಯನ್ನು ತಮ್ಮ ಕಡೆ ಎಳೆದುಕೊಂಡರು.

“ಚಿಪ್ಪಿನ ಮಾತು, ಹೆಣ್ಮಕ್ಕಳ ಮಾತು ಒಂದೂ ಇರಬಾರ್ದು. ಕೋಟೇಶ್ವರಮ್ಮ, ಆಕಿ ಕೂಡ ಇರೋ ಹನ್ನೊಂದು ಮಂದಿ ಕೆಲಸದಾಗ ಇರ್ತಾರ ಅಂತ ಬರೆದುಕೊಡ್ರಿ. ಆಮ್ಯಾಲ ನನ್ನ ಬಗ್ಗೆ ಏನಾರ ಬರಕೋರಿ.”

ಹಾಗೆಯೇ ಆಯಿತು. ಹತ್ತು ನಿಮಿಷದಲ್ಲಿ ಟೈಪಾಗಿ ಬಂತು. ಮೂವತ್ತೊಂದು ವರ್ಷ ಒಂದು ಹರಳನ್ನೂ ತೊಳೆಯದೆ ಬಿಡದ ಮನುಷ್ಯ, ಪರೀಕ್ಷೆ ಮಾಡದ ಹೊಣೆಗೇಡಿ ಎಂಬ ಕಾಗದಕ್ಕೆ ತಾವೇ ಸಹಿ ಹಾಕಿದರು. ಈ ಸಲ ಕಾಗದ ಖಾಲಿ ಇರಲಿಲ್ಲ, ಪೂರ್ತಿ ಓದಿಯೇ ಹಾಕಿದರು. ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಹೊರಗೆ ಲಿಫ್ಟಿನ ಹತ್ತಿರ ಯಾರೂ ಇಲ್ಲದ್ದು ನೋಡಿ ನರಸಿಂಹಮೂರ್ತಿ ಓಡಿ ಬಂದು ಭಾವನ ಕಾಲಿಗೆ ಬಿದ್ದ. ನನಗೆ ಎಂಥ ಸಿಟ್ಟು ಬಂತೆಂದರೆ ಅವನ ಕಾಲರ್ ಹಿಡಿದೆತ್ತಬೇಕೆನಿಸಿತು. ಒಳಗೆ ಬೇಕಾಗಿದ್ದದ್ದು ಒಂದು ಮಾತು. ಅದು ಬಾಯಿಂದ ಬರಲಿಲ್ಲ, ಹೊರಗೆ ಬಂದು ಹಣೆ ನೆಲಕ್ಕೆ ಮುಟ್ಟಿಸುತ್ತಾನೆ. ಭಾವ ಕಾಲು ಹಿಂದೆಗೆದುಕೊಂಡರು.

“ಕಾಲು ಬಿಡು. ಹೋಗಿ ಮಾಲು ತೊಳಿ,” ಎಂದರು.

ಆಮೇಲಿನ ದಿನಗಳಲ್ಲಿ ಭಾವನಿಗೆ ಯಾವ ಗಣಿಯಿಂದಲೂ ಫೋನ್ ಬರಲಿಲ್ಲ. ಆ ವಲಯ ಸಣ್ಣದು, ಸುದ್ದಿಗೆ ಕಾಲು ಬಹಳ. ಹಬ್ಬಕ್ಕೆ ಶುಭಾಶಯ ಕಳಿಸುತ್ತಿದ್ದ ಹಳೆಯ ಸಹೋದ್ಯೋಗಿಗಳೂ ಸುಮ್ಮನಾದರು. ಅಕ್ಕನ ಅಡುಗೆಮನೆಗೆ ಬಾಟಲಿಗಳು ವಾಪಸು ಬಂದವು. ಅವಕ್ಕೆ ಉಪ್ಪಿನಕಾಯಿ ತುಂಬಲು ಅವಳಿಗೆ ಮನಸ್ಸಾಗಲಿಲ್ಲ. ಕೋಟೇಶ್ವರಮ್ಮ ಒಂದು ಶುಕ್ರವಾರ ಬೆಟ್ಟ ಹತ್ತಿ ಇಳಿದು, ಪ್ರಸಾದ ತೆಗೆದುಕೊಂಡು ಮನೆಗೆ ಬಂದಿದ್ದರಂತೆ.

ಹೋದ ತಿಂಗಳು ನಾನು ಭವಾನಿಪುರಂಗೆ ಹೋಗಿದ್ದಾಗ ನರಸಿಂಹಮೂರ್ತಿಯ ಫೋನ್ ಬಂತು. ಭಾವ ಫಿಲ್ಟರ್ ಬಿಚ್ಚಿ ಕೂತಿದ್ದರು. ಕೈ ಒದ್ದೆ, ಹಾಗಾಗಿ ನಾನೇ ಸ್ಪೀಕರಿಗೆ ಹಾಕಿದೆ.

“ಸರ್, ದುರ್ಗಾಪ್ರಸಾದ್ ಕಡೆಯಿಂದ ಹೊಸ ಲಾಟು ಬಂದಿದೆ. ನಿಮ್ಮನ್ನ ತೆಗೆದ ಮೂರು ವಾರದ ನಂತರದ ತಾರೀಖು. ಕೆಳಗೆ ಸಹಿ ನಿಮ್ಮದೇ ಇದೆ. ಫೋಟೋ ಕಳಿಸಿದ್ದೀನಿ.”

ನಾನು ಫೋಟೋ ತೆರೆದೆ. ಹೊಣೆಗೇಡಿ ಎಂದು ಹೊರಹಾಕಿದವರ ಹೆಸರನ್ನೇ ಮತ್ತೆ ಕೆಳಗೆ ಇಟ್ಟು, ಮೂರ್ತಿ ಈ ಸಲವೂ ಬಾಯಿ ಬಿಡಲಾರನೆಂಬ ಧೈರ್ಯದಲ್ಲಿ ಅದೇ ಗಣಿಗೆ ಮಾಲು ಮಾರುತ್ತಿದ್ದಾರೆ. ಹರಿದು ಹಾಕಿದೆವು ಎಂದ ಕಾಗದ. ನನ್ನ ಬಾಯಿಂದ ಬರಬಾರದ ಮಾತೆಲ್ಲ ಬಂತು. ಈಗಲೇ ಪೊಲೀಸರ ಹತ್ತಿರ ಹೋಗೋಣ ಎಂದೆ.

“ಹೋಗಿ ಏನನ್ಲಿ?” ಎಂದರು ಭಾವ. “ಸಹಿ ನಂದ ಅಲ್ಲ ಅನ್ಲಾ? ನಂದ ಅದ.”

ಆಮೇಲೆ ಫೋನಿನ ಕಡೆ ಬಾಗಿ ಕೇಳಿದರು.

“ಮೂರ್ತಿ, ತೊಳದೇನು?”

“ತೊಳೆದೆ ಸರ್. ನಾನೇ ನಿಂತು ತೊಳೆಸ್ದೆ. ನೀರು ಮಸಿಯಾಯ್ತು. ಲಾರಿ ಸಮೇತ ವಾಪಸು ಕಳಿಸ್ದೆ.”

ಭಾವ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

“ಎಂಟು ಹಾಕಿ ಬಂದಿದ್ದೆ. ಇನ್ನ ಆರು ಅದಾವ,” ಎಂದರು. “ನನ್ನ ಹೆಸರು ಕಂಡಲ್ಲೆಲ್ಲಾ ತೊಳಿ.”